ಮೂವತ್ತು ಇಂಚಿನ ಹೆಜ್ಜೆ: ಲಂಡನ್ನಿನಿಂದ ಡ್ರೀಲ್ ದೋಣಿಕಟ್ಟೆಯವರೆಗೆ ಆರು ದಿನ

ಮೊದಲ ದಿನ: ಬರ್ಡ್‌ಕೇಜ್ ವಾಕ್

ಬಕಿಂಗ್‌ಹ್ಯಾಮ್ ಅರಮನೆಯ ಗೇಟಿನ ಮುಂದೆ ಬೆಳಗ್ಗೆ ಹತ್ತಕ್ಕೇ ಜನ ಮುಗಿಬಿದ್ದಿರುತ್ತಾರೆ. ಅಲ್ಲಿ ನಿಂತರೆ ಕಾಣುವುದು ಮುಂದಿನವರ ತಲೆ, ಅದರ ಮೇಲೆ ಎತ್ತಿ ಹಿಡಿದ ಮೊಬೈಲು, ಅಷ್ಟೇ. ಕವಾಯತು ನೋಡಬೇಕೆಂದರೆ ಅರಮನೆ ಬಿಟ್ಟು ಐದು ನಿಮಿಷ ನಡೆದು, ಬರ್ಡ್‌ಕೇಜ್ ವಾಕ್ ರಸ್ತೆಯ ವೆಲಿಂಗ್ಟನ್ ಬ್ಯಾರಕ್ಸಿನ ಕಬ್ಬಿಣದ ಬೇಲಿಯ ಪಕ್ಕ ಜಾಗ ಹಿಡಿಯಬೇಕು. ಹೊಸ ಕಾವಲು ಪಡೆ ಸಾಲು ಕಟ್ಟುವುದು, ತಪಾಸಣೆಗೆ ನಿಲ್ಲುವುದು, ಬ್ಯಾಂಡಿನ ಹಿಂದೆ ಹೊರಡುವುದು ಎಲ್ಲ ಈ ಮೈದಾನದಲ್ಲೇ. ದಿನವೂ ಇರುವುದಿಲ್ಲ, ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ. ಜೋರು ಮಳೆ ಬಂದರೆ ಅದೂ ರದ್ದು. ನಾವು ಹೋದ ದಿನ ತುಂತುರು ಹನಿಯುತ್ತಿತ್ತು, ಆದರೆ ನಿಲ್ಲಿಸುವಷ್ಟಲ್ಲ.

ಬೇಲಿಯ ಹತ್ತಿರ ನಿಂತರೆ ಮೊದಲು ಕಣ್ಣಿಗೆ ಬೀಳಬೇಕಾದದ್ದು ಗುಂಡಿಗಳು. ಕೆಂಪು ಕೋಟಿನ ಮೇಲೆ ಒಂದೊಂದಾಗಿ ಸಮ ಅಂತರದಲ್ಲಿದ್ದರೆ ಗ್ರೆನೇಡಿಯರ್ ಗಾರ್ಡ್ಸ್, ಜೋಡಿಯಾಗಿದ್ದರೆ ಕೋಲ್ಡ್‌ಸ್ಟ್ರೀಮ್, ಮೂರು ಮೂರಾಗಿದ್ದರೆ ಸ್ಕಾಟ್ಸ್, ನಾಲ್ಕಾದರೆ ಐರಿಷ್, ಐದಾದರೆ ವೆಲ್ಷ್. ಎರಡನೆಯ ಮಹಾಯುದ್ಧದಲ್ಲಿ ನೆದರ್ಲೆಂಡ್ಸಿನ ಆರ್ನೆಮ್ ಸೇತುವೆ ಹಿಡಿಯಲು ಹಾರಿದ ಬ್ರಿಟಿಷ್ ಪ್ಯಾರಾಚೂಟ್ ಪಡೆಯ ಜಾಡು ಹಿಡಿದ ಈ ಪ್ರವಾಸಕ್ಕೆ ಮುಖ್ಯ ಒಂಟಿ ಗುಂಡಿಯವರು. ಬ್ರಿಟಿಷ್ ವಾಯುವಾಹಿತ ಪಡೆಯನ್ನು ಕಟ್ಟಿದ ಫ್ರೆಡರಿಕ್ ಬ್ರೌನಿಂಗ್ ಈ ಗ್ರೆನೇಡಿಯರ್ ರೆಜಿಮೆಂಟಿನಿಂದ ಬಂದವರು. ಪ್ಯಾರಾ ಪಡೆಗೆ ಮೈದಾನದ ಕಟ್ಟುನಿಟ್ಟನ್ನು ತಂದ ರೆಜಿಮೆಂಟಲ್ ಸಾರ್ಜೆಂಟ್ ಮೇಜರ್ ಜಾನ್ ಲಾರ್ಡ್ ಕೂಡ ಇಲ್ಲಿಯವರೇ. ಬ್ರೌನಿಂಗ್ 1924ರಿಂದ 1928ರವರೆಗೆ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯ ಅಡ್ಜುಟೆಂಟ್, ಅಂದರೆ ಶಿಸ್ತು, ಕವಾಯತು ನೋಡಿಕೊಳ್ಳುವ ಅಧಿಕಾರಿ. 1926ರ ಪರೇಡಿನ ಕೊನೆಗೆ ತಮ್ಮ ಕುದುರೆಯನ್ನು ಓಲ್ಡ್ ಕಾಲೇಜಿನ ಮೆಟ್ಟಿಲು ಹತ್ತಿಸಿ ಒಳಗೆ ನಡೆಸಿಬಿಟ್ಟರು. ಕುದುರೆಯ ಹೆಸರು ದಿ ವಿಕಾರ್. ಅಂದಿನಿಂದ ಇಂದಿಗೂ, ತರಬೇತಿ ಮುಗಿಸಿದವರ ಸಾವರಿನ್ಸ್ ಪರೇಡ್ ಮುಗಿಯುವಾಗ ಅಡ್ಜುಟೆಂಟ್ ಕುದುರೆಯ ಮೇಲೆ ಆ ಮೆಟ್ಟಿಲು ಹತ್ತುತ್ತಾರೆ.

ಬ್ರಿಟಿಷ್ ಕವಾಯತಿನ ಒಂದು ಹೆಜ್ಜೆ ಎಂದರೆ 30 ಇಂಚು, ಹಿಮ್ಮಡಿಯಿಂದ ಹಿಮ್ಮಡಿಗೆ. ಕ್ವಿಕ್ ಮಾರ್ಚಿನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಗಾರ್ಡ್ಸ್‌ನವರದು 116. ಸಾರ್ಜೆಂಟ್ ಮೇಜರ್ ಕಂಕುಳಲ್ಲಿ ಇಟ್ಟುಕೊಳ್ಳುವ ಹೊಳಪಿನ ಕೋಲು ಅಲಂಕಾರಕ್ಕಲ್ಲ. ಪೇಸ್ ಸ್ಟಿಕ್ ಎಂಬ ಆ ಕೋಲು ಕೈವಾರದ ಹಾಗೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. 30 ಇಂಚಿಗೆ ತೆರೆದು ನೆಲದ ಮೇಲೆ ಒಂದು ಕಾಲಾದ ಮೇಲೆ ಇನ್ನೊಂದನ್ನು ತಿರುಗಿಸುತ್ತ ನಡೆದರೆ ಯಾರ ಹೆಜ್ಜೆ ಗಿಡ್ಡ, ಯಾರದು ಉದ್ದ ಎಂದು ಆಗಲೇ ಗೊತ್ತಾಗುತ್ತದೆ. ಸಾಲು ತಿರುವು ಹೊಡೆಯುವಾಗ ಮಾತ್ರ ಈ ಅಳತೆ ಸಡಿಲ: ಒಳಗಿನವನು ಹೆಜ್ಜೆ ಕುಗ್ಗಿಸಬೇಕು, ಹೊರಗಿನವನು ಪೂರ್ತಿ ಇಡಬೇಕು. ಒಳಗಿನವನು ಮರೆತು ಪೂರ್ತಿ ಹೆಜ್ಜೆ ಇಟ್ಟರೆ ಹೊರಗಿನವನು ಓಡಬೇಕಾಗುತ್ತದೆ, ಸಾಲು ಬಿಲ್ಲಿನಂತೆ ಬಾಗುತ್ತದೆ. ಹೊಸಬರ ಇನ್ನೊಂದು ತಪ್ಪು, ಬಲಗಾಲಿನ ಜೊತೆ ಬಲಗೈಯನ್ನೇ ಬೀಸುವುದು. ನಡೆಯುವಾಗ ಕೈಯ ಕಡೆ ಯೋಚನೆ ಹೋದ ಕೂಡಲೇ ಇದು ಶುರುವಾಗುತ್ತದೆ. ಎನ್‌ಸಿಸಿ ಮೈದಾನದಲ್ಲಿ ‘ತೇಜ್ ಚಲ್’, ‘ಥಮ್’ ಕೇಳಿ ಬೆಳೆದವರಿಗೆ ಇದೆಲ್ಲ ಹೊಸದಲ್ಲ. ನಮ್ಮ ಕವಾಯತು ಇದೇ ಬೇರಿನದು.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಮಾಜಿ ಸೈನಿಕರೊಬ್ಬರು, ಅಲುಗಾಡದೆ ನಿಂತ ಹುಡುಗರ ಬೂಟುಗಳ ಕಡೆ ಬೆರಳು ತೋರಿಸಿ ಹೇಳಿದರು: “ಮೇಲಿಂದ ಕಲ್ಲು, ಬೂಟಿನೊಳಗೆ ಬೆರಳು ಕುಣೀತಾ ಇರತ್ತೆ.” ಕಾಲಿನ ಸ್ನಾಯು ಅಲ್ಲಾಡದಿದ್ದರೆ ರಕ್ತ ಕೆಳಗೇ ನಿಂತು ತಲೆಗೆ ಕಡಿಮೆಯಾಗುತ್ತದೆ, ಮನುಷ್ಯ ನಿಂತ ನಿಲುವಿನಲ್ಲೇ ಮುಂದಕ್ಕೆ ಬೀಳುತ್ತಾನೆ. ಮೊಣಕಾಲನ್ನು ಬಿಗಿಯಾಗಿ ಹಿಂದಕ್ಕೆ ಒತ್ತಿ ನಿಲ್ಲುವವರು, ಬೆಳಗ್ಗೆ ತಿಂಡಿ ತಿನ್ನದೆ ಬಂದವರು ಮೊದಲು ಬೀಳುತ್ತಾರಂತೆ.

ಎರಡನೆಯ ದಿನ: ಡಕ್ಸ್‌ಫರ್ಡ್

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಕೇಂಬ್ರಿಜ್ ಕಡೆಯ ರೈಲು ಹಿಡಿದು ವಿಟಲ್ಸ್‌ಫರ್ಡ್ ಪಾರ್ಕ್‌ವೇಯಲ್ಲಿ ಇಳಿದರೆ ಡಕ್ಸ್‌ಫರ್ಡ್ ವಿಮಾನ ಮ್ಯೂಸಿಯಂ ಹತ್ತಿರ. ಬಸ್ಸು ತಪ್ಪಿದ್ದರಿಂದ ಒದ್ದೆ ಹುಲ್ಲಿನಂಚಿನಲ್ಲಿ ನಡೆದೆವು. ದೊಡ್ಡ ರಸ್ತೆ ದಾಟುವಾಗ ಎಚ್ಚರ ಬೇಕು, ಲಾರಿಗಳು ಬೀಸಿ ಬರುತ್ತವೆ.

ಇಲ್ಲಿನ ಹ್ಯಾಂಗರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ಮ್ಯೂಸಿಯಂ ಇದೆ, ಮೊದಲು ಆಲ್ಡರ್‌ಶಾಟಿನಲ್ಲಿತ್ತು. ಯುದ್ಧಕಾಲದ ಎಕ್ಸ್ ಮಾದರಿಯ ಪ್ಯಾರಾಚೂಟಿನ ಕಟ್ಟುಗಳ ಮುಂದೆ ಒಂದು ಗಂಟೆ ಕಳೆದರೂ ಸಾಲದು. 28 ಅಡಿ ಅಗಲದ ಕೊಡೆ, ಬೆನ್ನ ಮೇಲಿನ ಚೀಲ, ಎದೆಯ ಮೇಲೆ ದುಂಡನೆಯ ಬಿಡುಗಡೆ ಪೆಟ್ಟಿಗೆ: ತಿರುಗಿಸಿ ಗುದ್ದಿದರೆ ಎಲ್ಲ ಪಟ್ಟಿಗಳೂ ಒಮ್ಮೆಲೇ ಕಳಚುತ್ತವೆ. ಈ ಪ್ಯಾರಾಚೂಟಿನ ಜಾಣತನ ಬಿಚ್ಚಿಕೊಳ್ಳುವ ಕ್ರಮದಲ್ಲಿದೆ. ಚೀಲವನ್ನು ವಿಮಾನಕ್ಕೆ ಕಟ್ಟಿದ ಪಟ್ಟಿ ಎಳೆದಾಗ ಮೊದಲು ಹಗ್ಗಗಳು ಉದ್ದಕ್ಕೆ ಹೊರಬರುತ್ತವೆ, ಆಮೇಲೆ ಬಟ್ಟೆ ಅರಳುತ್ತದೆ. ಹಾಗಾಗಿ ಜಗ್ಗು ಮೆದು. ಬಟ್ಟೆ ಮೊದಲು ಅರಳುತ್ತಿದ್ದ ಅಮೆರಿಕದ ಪ್ಯಾರಾಚೂಟಿನಲ್ಲಿ ಹೊಡೆತ ಜೋರು. ಬ್ರಿಟಿಷರಿಗೆ ಎದೆಯ ಮೇಲೆ ಎರಡನೆಯ, ಆಪತ್ಕಾಲದ ಪ್ಯಾರಾಚೂಟ್ ಇರಲೇ ಇಲ್ಲ. ಮಡಿಸುವವರ ಕೈಮೇಲೆ ನಂಬಿಕೆ ಇಟ್ಟೇ ಹಾರಬೇಕಿತ್ತು.

ಹಾರುವ ಕವಾಯತು ಮ್ಯಾಂಚೆಸ್ಟರ್ ಬಳಿಯ ರಿಂಗ್‌ವೇಯಲ್ಲಿ ರೂಪುಗೊಂಡಿತು. ಮೊದಮೊದಲು ವಿಟ್ಲಿ ಬಾಂಬರಿನ ನೆಲದಲ್ಲಿ ಕೊರೆದ ತೂತಿನಿಂದ ಇಳಿಯುತ್ತಿದ್ದರು. ತುಸು ಜೋರಾಗಿ ಮುಂದೆ ತಳ್ಳಿಕೊಂಡರೆ ಎದುರಿನ ಅಂಚಿಗೆ ಮುಖ ಬಡಿಯುತ್ತಿತ್ತು. ಹೆದರಿ ಮೆಲ್ಲಗೆ ಜಾರಿದರೆ ಬೆನ್ನಿನ ಚೀಲ ಹಿಂದಿನ ಅಂಚಿಗೆ ತಾಗಿ, ಮತ್ತೆ ಮುಖವೇ ಹೋಗಿ ಬಡಿಯುತ್ತಿತ್ತು. ಇದಕ್ಕೆ ಹುಡುಗರು ‘ಗಂಟೆ ಬಾರಿಸುವುದು’ ಎನ್ನುತ್ತಿದ್ದರು. ಡಕೋಟಾ ಸಾಗಣೆ ವಿಮಾನ ಬಂದ ಮೇಲೆ ಎಡಪಕ್ಕದ ಬಾಗಿಲಿನಿಂದ ಹಾರುವುದು ಸುಲಭವಾಯಿತು. ಆದರೆ ಲೆಕ್ಕ ಬಿಗಿಯಾಯಿತು.

ಡಕ್ಸ್‌ಫರ್ಡಿನ ಅಮೆರಿಕನ್ ವಿಭಾಗದಲ್ಲಿರುವ ಡಕೋಟಾದ ಬಾಗಿಲಿನ ಕೆಳಗೆ ನಿಂತರೆ ಆ ಲೆಕ್ಕ ಅರ್ಥವಾಗುತ್ತದೆ. ವಿಮಾನ ಗಂಟೆಗೆ 160 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಒಬ್ಬ ಬಾಗಿಲಲ್ಲಿ ಒಂದು ಸೆಕೆಂಡು ತಡೆದರೆ ಅವನ ಹಿಂದಿನವನು ನೆಲದ ಮೇಲೆ 44 ಮೀಟರ್ ದೂರ ಬೀಳುತ್ತಾನೆ. ಇಪ್ಪತ್ತು ಜನ ಒಂದೊಂದು ಸೆಕೆಂಡಿನ ಅಂತರದಲ್ಲಿ ಹಾರಿದರೂ ಮೊದಲಿನವನಿಂದ ಕೊನೆಯವನಿಗೆ 800 ಮೀಟರಿಗೂ ಹೆಚ್ಚು. ಅದಕ್ಕೇ ವಿಮಾನದೊಳಗೂ ಹೆಜ್ಜೆ ಕಲಿಸುತ್ತಿದ್ದರು: ಎಡಗಾಲು ಮುಂದೆ, ಬಲಗಾಲು ಎಳೆದು ಹಿಂದೆ, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಬಾಗಿಲಿನ ಕಡೆ ಸರಿಯುವುದು. ಬಲಗಾಲಿಗೆ ಭಾರದ ಚೀಲ ಕಟ್ಟಿಕೊಂಡವನಿಗೆ ಬೇರೆ ದಾರಿಯೂ ಇಲ್ಲ. ಆ ಚೀಲವನ್ನು ಗಾಳಿಯಲ್ಲಿದ್ದಾಗ 20 ಅಡಿ ಹಗ್ಗದಲ್ಲಿ ಕೆಳಗಿಳಿಸಬೇಕು, ಮರೆತರೆ ಕಾಲು ಮುರಿಯುತ್ತದೆ. ನೆಲ ಮುಟ್ಟುವಾಗ ಪಾದ, ಮೊಣಕಾಲು ಎರಡೂ ಜೋಡಿ, ಮೊಣಕಾಲು ತುಸು ಬಾಗಿರಬೇಕು. ಮೀನಖಂಡ, ತೊಡೆ, ಪೃಷ್ಠ, ಬೆನ್ನು ಹೀಗೆ ಸಾಲಾಗಿ ಉರುಳಬೇಕು. ಪಾದ ಅಗಲವಾದರೆ ಇಡೀ ಭಾರ ಒಂದೇ ಕಾಲಿನ ಮೇಲೆ.

ಮೂರನೆಯ ದಿನ: ಆರ್ನೆಮ್ ಸೇತುವೆ

ರೈಲಿನಲ್ಲೇ ಸಮುದ್ರದಡಿ ದಾಟಿ ರಾಟರ್‌ಡ್ಯಾಮ್, ಅಲ್ಲಿಂದ ಆರ್ನೆಮ್. ನೆದರ್ಲೆಂಡ್ಸಿನ ರೈಲು, ಬಸ್ಸುಗಳಲ್ಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹತ್ತಬಹುದು. ಇಳಿಯುವಾಗಲೂ ತಾಗಿಸುವುದನ್ನು ಮರೆತರೆ ಹಣ ಕಳೆದುಕೊಳ್ಳುತ್ತೀರಿ. ನಮ್ಮ ಗುಂಪಿನಲ್ಲಿ ಒಬ್ಬರು ಮೊದಲ ದಿನವೇ ಕಳೆದುಕೊಂಡರು. ನಿಲ್ದಾಣದ ಹೊರಗೆ ತಲೆಯ ಮೇಲೆ ತಂತಿ ಹಿಡಿದು ಓಡುವ ಟ್ರಾಲಿ ಬಸ್ಸು. ಇಡೀ ದೇಶದಲ್ಲಿ ಇವು ಉಳಿದಿರುವುದು ಈ ಊರಿನಲ್ಲಿ ಮಾತ್ರ.

ಸಂಜೆ ಸೇತುವೆಗೆ. ಈಗಿನದು ಯುದ್ಧದ ನಂತರ ಹಳೆಯ ರೂಪದಲ್ಲೇ ಕಟ್ಟಿದ್ದು. ಹೆಸರು ಜಾನ್ ಫ್ರಾಸ್ಟ್ ಸೇತುವೆ. 1944ರ ಸೆಪ್ಟೆಂಬರ್ 17ರ ಮಧ್ಯಾಹ್ನ ಎರಡರ ಸುಮಾರಿಗೆ ಲೆಫ್ಟಿನೆಂಟ್ ಕರ್ನಲ್ ಫ್ರಾಸ್ಟ್ ಅವರ 2ನೇ ಪ್ಯಾರಾಚೂಟ್ ಬೆಟಾಲಿಯನ್ ಪಶ್ಚಿಮದ ಬಯಲಿಗೆ ಇಳಿಯಿತು. ಇಲ್ಲಿಗೆ ಸುಮಾರು 13 ಕಿ.ಮೀ. ಮೈದಾನದ ಹೆಜ್ಜೆಯಲ್ಲಿ, ನಿಮಿಷಕ್ಕೆ 120ರಂತೆ, ಗಂಟೆಗೆ ಐದೂವರೆ ಕಿ.ಮೀ. ಸಾಗಬಹುದು, ಎರಡೂವರೆ ಗಂಟೆ ಸಾಕು. ದಾರಿಯ ಗುಂಡಿನ ಕಾಳಗ, ಹೂ ಹಣ್ಣು ಹಿಡಿದು ಅಡ್ಡಬಂದ ಊರ ಜನ, ಎಲ್ಲ ದಾಟಿ ಅವರು ಉತ್ತರದ ತುದಿ ತಲುಪಿದಾಗ ರಾತ್ರಿ ಎಂಟಾಗಿತ್ತು. ಮೂರು ದಾರಿಗಳಲ್ಲಿ ಹೊರಟ ಮೂರು ಬೆಟಾಲಿಯನ್ನುಗಳಲ್ಲಿ ಇಲ್ಲಿಗೆ ಮುಟ್ಟಿದ್ದು ನದಿಯ ದಂಡೆಯ ದಾರಿ ಹಿಡಿದ ಫ್ರಾಸ್ಟ್ ಪಡೆಯೇ. ಇಂಜಿನಿಯರುಗಳೂ ಇತರರೂ ಸೇರಿ ಸುಮಾರು 740 ಜನ. ದಕ್ಷಿಣದಿಂದ ನೆಲದ ಪಡೆ ಬರುವವರೆಗೆ ಇಡೀ ಡಿವಿಷನ್ 48 ಗಂಟೆ ಹಿಡಿಯಬೇಕಿದ್ದ ಸೇತುವೆಯನ್ನು ಈ ಹಿಡಿಯಷ್ಟು ಜನ 21ರ ಬೆಳಗಿನವರೆಗೆ ಹಿಡಿದಿಟ್ಟರು. ಫ್ರಾಸ್ಟ್ 20ರಂದು ಕಾಲಿಗೆ ಗಾಯವಾಗಿ ಸೆರೆಯಾದರು.

ಫ್ರಾಸ್ಟ್ ಮೇಲಿನ ಗೌರವಕ್ಕೆ ಇದೊಂದೇ ಕಾರಣವಲ್ಲ. 1942ರ ಫೆಬ್ರವರಿಯಲ್ಲಿ ಫ್ರಾನ್ಸಿನ ಬ್ರುನೆವಾಲ್ ದಂಡೆಯಲ್ಲಿ ಇಳಿದು ಜರ್ಮನ್ ರೇಡಾರಿನ ಭಾಗಗಳನ್ನು ಬಿಚ್ಚಿ ತಂದ ದಳದ ನಾಯಕರೂ ಅವರೇ. ಇಳಿದ ಬಯಲಿನಲ್ಲಿ ಚದುರಿದವರನ್ನು ಸೇರಿಸಲು ಬೇಟೆಯ ಕೊಂಬು ಊದುತ್ತಿದ್ದರು. ಅವರ ಎ ಕಂಪನಿಯ ಮೇಜರ್ ಡಿಗ್ಬಿ ಟ್ಯಾಥಮ್-ವಾರ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ: ರೇಡಿಯೊ ಕೈಕೊಟ್ಟೀತೆಂದು ತಮ್ಮ ಜನರಿಗೆ ನೆಪೋಲಿಯನ್ ಕಾಲದ ಹಾಗೆ ಬ್ಯೂಗಲ್ ಸಂಕೇತಗಳನ್ನು ಕಲಿಸಿದ್ದರು. ರೇಡಿಯೊ ನಿಜಕ್ಕೂ ಕೈಕೊಟ್ಟಿತು. ಮರಗಳ ಗುಂಪು, ಮನೆಗಳ ಸಾಲಿನ ನಡುವೆ ಆ ಸೆಟ್ಟುಗಳ ವ್ಯಾಪ್ತಿ ಕುಗ್ಗಿತು. ಹಳೆಯ ಕವಾಯತು ಕೆಲಸಕ್ಕೆ ಬಂತು. ಗುರುತಿನ ಸಂಕೇತಪದ ನೆನಪಿರುವುದಿಲ್ಲವೆಂದು ಅವರು ಕೈಯಲ್ಲಿ ಛತ್ರಿ ಹಿಡಿದಿದ್ದರು. ಛತ್ರಿ ಹಿಡಿದು ಯುದ್ಧಕ್ಕೆ ಬರುವವನು ಇಂಗ್ಲಿಷರವನೇ ಎಂದು ಯಾರಿಗಾದರೂ ತಿಳಿಯಬೇಕಲ್ಲ ಎಂಬ ತರ್ಕ.

ಸೇತುವೆಯ ಮೇಲೆ ಗಾಳಿ ಬಲವಾಗಿತ್ತು. ಸೈಕಲ್ ದಾರಿಯಲ್ಲಿ ನಿಂತು ಫೋಟೊ ತೆಗೆಯಬೇಡಿ, ಇಲ್ಲಿಯವರು ಬೆಲ್ ಹೊಡೆಯುತ್ತಾರೆ, ವೇಗ ತಗ್ಗಿಸುವುದಿಲ್ಲ. ಹೋಗುವ ಮುನ್ನ ಯುಸೇಬಿಯಸ್ ಚರ್ಚಿನ ಗೋಪುರ ಹತ್ತುವುದು ಒಳ್ಳೆಯದು. ಲಿಫ್ಟ್ ಇದೆ, ಮೇಲಿನಿಂದ ಸೇತುವೆಯ ಉತ್ತರ ತುದಿ, ನದಿ, ಓಸ್ಟರ್‌ಬೇಕಿನ ಕಾಡು ಒಂದೇ ನೋಟಕ್ಕೆ ಸಿಗುತ್ತವೆ. ಎಷ್ಟು ದೂರ ಇಳಿದರು ಎಂಬುದು ನಕ್ಷೆಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ರಾತ್ರಿಗೆ ಬಿಸಿ ಬಿಸಿ ಆಲೂ ಫ್ರೈಸ್, ಮೇಲೆ ಮೆಯೊನೀಸ್. ಕೆಚಪ್ ಕೇಳಿದರೆ ಅಂಗಡಿಯಾತ ಬೇಸರದ ಮುಖ ಮಾಡಿಯೇ ಕೊಟ್ಟ.

ನಾಲ್ಕನೆಯ ದಿನ: ಓಸ್ಟರ್‌ಬೇಕ್

ಓಸ್ಟರ್‌ಬೇಕಿಗೆ ಟ್ರಾಲಿ ಬಸ್ಸು 1. ಆದರೆ ಮೊದಲು ಅರ್ಧದಲ್ಲೇ ಲೊಂಬೊಕ್ ಬಡಾವಣೆಯಲ್ಲಿ ಇಳಿದು ಜ್ವಾರ್ಟೆವೆಗ್ ಬೀದಿ ಹುಡುಕಿದೆವು. ಇಟ್ಟಿಗೆಯ ಪುಟ್ಟ ಮನೆಗಳ ಸಾಲು. 14ನೇ ಮನೆಯ ಅಟ್ಟದಲ್ಲಿ 1ನೇ ಏರ್‌ಬೋರ್ನ್ ಡಿವಿಷನ್ನಿನ ನಾಯಕ ಮೇಜರ್ ಜನರಲ್ ರಾಯ್ ಅರ್ಕ್‌ಹಾರ್ಟ್ ಸಿಕ್ಕಿಬಿದ್ದಿದ್ದರು. ಹೊರಗೆ ಬಾಗಿಲ ಮುಂದೆಯೇ ಜರ್ಮನ್ ಫಿರಂಗಿ ವಾಹನ. ರೇಡಿಯೊ ಇಲ್ಲದ್ದರಿಂದ ಪಡೆಗಳನ್ನು ಕಣ್ಣಾರೆ ನೋಡಲು ಮುಂದೆ ಹೋದವರು 19ರ ಬೆಳಗ್ಗೆ ಮಾತ್ರ ಹೊರಬಂದರು. ಮನೆಯಲ್ಲಿ ಈಗ ಜನ ವಾಸವಿದ್ದಾರೆ, ರಸ್ತೆಯಿಂದಲೇ ನೋಡಿ ಮುಂದೆ ಹೋಗಬೇಕು.

ಅರ್ಕ್‌ಹಾರ್ಟ್ ಧೈರ್ಯವಂತರು, ಸೈನಿಕರು ಪ್ರೀತಿಸಿದ ನಾಯಕರು. ಆದರೆ ಒಂದು ಕವಾಯತು ಇಲ್ಲಿ ತಪ್ಪಿತು. ತಾವಿಲ್ಲದಿದ್ದರೆ ಯಾರು ಎಂಬ ಕ್ರಮವನ್ನು ಅವರು ತಮ್ಮ ಮುಖ್ಯ ಸಹಾಯಕ ಚಾರ್ಲ್ಸ್ ಮೆಕೆಂಜಿಗೆ ಹೇಳಿದ್ದು ಹೊರಡುವ ಹೊತ್ತಿಗೆ: ಮೊದಲು ಲ್ಯಾಥ್‌ಬರಿ, ಆಮೇಲೆ ಹಿಕ್ಸ್, ಆಮೇಲೆ ಹ್ಯಾಕೆಟ್. ಬ್ರಿಗೇಡಿಯರುಗಳಿಗೆ ಇದು ತಿಳಿದಿರಲಿಲ್ಲ. ಲ್ಯಾಥ್‌ಬರಿ ಗಾಯಗೊಂಡು ಹಿಂದುಳಿದರು. 18ರ ರಾತ್ರಿ, ಹುದ್ದೆಯಲ್ಲಿ ಹಿರಿಯರಾದ ಹ್ಯಾಕೆಟ್ ಹಿಕ್ಸ್ ಜೊತೆ ಜಗಳಕ್ಕೇ ನಿಂತರು. ಸಾಲಿನಲ್ಲಿ ಬಲತುದಿಯವನು ಬಿದ್ದರೆ ಮುಂದಿನವನು ಯಾರು ಎಂದು ಸಾಮಾನ್ಯ ಸಿಪಾಯಿಗೂ ಗೊತ್ತಿರುತ್ತದೆ. ಮೇಲಿನ ಹಂತದಲ್ಲಿ ಅದನ್ನು ಎಲ್ಲರೆದುರು ಒಮ್ಮೆ ಹೇಳಿದ್ದರೆ ಆ ರಾತ್ರಿಯ ಅಮೂಲ್ಯ ಗಂಟೆಗಳು ಉಳಿಯುತ್ತಿದ್ದವು.

ಹಾರ್ಟೆನ್‌ಸ್ಟೈನ್ ಹೋಟೆಲು ಆಗ ಡಿವಿಷನ್ನಿನ ಕೇಂದ್ರ, ಈಗ ಏರ್‌ಬೋರ್ನ್ ಮ್ಯೂಸಿಯಂ. ಬೆಳಗ್ಗೆ ಮೊದಲು ನೆಲಮಾಳಿಗೆಗೆ ಹೋಗಿ. ಮಧ್ಯಾಹ್ನ ಶಾಲಾ ಮಕ್ಕಳು ತುಂಬಿಕೊಳ್ಳುತ್ತಾರೆ. ಹೊರಗೆ, ಹಳೆಯ ಸೈನಿಕರು ಈ ಪ್ರಾಂತದ ಜನರಿಗೆಂದು ಇಡಿಸಿದ ಕಲ್ಲು ಇದೆ. ಬಿಡುಗಡೆ ತರಲು ಬಂದು ನಾಶ ತಂದೆವು, ಆದರೂ ನೀವು ನಮ್ಮನ್ನು ದೂರಲಿಲ್ಲ ಎಂಬುದು ಅದರ ಸಾರ. ಅಲ್ಲಿಂದ ಇಳಿಜಾರಿನಲ್ಲಿ ನದಿಯ ಕಡೆ ನಡೆದರೆ ಹಳೆಯ ಚರ್ಚು. ಅದರ ಪಕ್ಕದ ಮನೆಯಲ್ಲಿ ಕೇಟ್ ಟರ್ ಹಾರ್ಸ್ಟ್ ಎಂಬ ತಾಯಿ, ತನ್ನ ಮಕ್ಕಳನ್ನು ನೆಲಮಾಳಿಗೆಯಲ್ಲಿಟ್ಟು, ಮೇಲೆ ತುಂಬಿದ್ದ ಗಾಯಾಳುಗಳಿಗೆ ಬೈಬಲಿನ 91ನೇ ಕೀರ್ತನೆ ಓದುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ಚೀಸ್ ಹಾಕಿದ ಪನ್ನೆಕೂಕ್, ನಮ್ಮ ದೋಸೆಗಿಂತ ದಪ್ಪ, ತಟ್ಟೆ ಮೀರಿದ ಅಗಲ. ಬಡಿಸಿದ ಹೆಂಗಸು, ಸಮಾಧಿಗೆ ಹೋಗುತ್ತೀರಾ ಎಂದು ಕೇಳಿ, “ನಾನೂ ಶಾಲೇಲಿದ್ದಾಗ ಹೂ ಇಟ್ಟಿದ್ದೆ. ಈಗ ಮೊಮ್ಮಗಳು ಇಡ್ತಾಳೆ,” ಎಂದರು. ಊರ ಉತ್ತರಕ್ಕಿರುವ ಯುದ್ಧ ಸಮಾಧಿಯಲ್ಲಿ 1,700ಕ್ಕೂ ಹೆಚ್ಚು ಕಲ್ಲುಗಳು. ಪ್ರತಿ ಸೆಪ್ಟೆಂಬರಿನಲ್ಲಿ ಶಾಲಾ ಮಕ್ಕಳು ಒಂದೊಂದು ಕಲ್ಲಿನ ಹಿಂದೆ ಒಬ್ಬೊಬ್ಬರಾಗಿ ನಿಂತು, ಒಟ್ಟಿಗೆ ಬಾಗಿ ಹೂ ಇಡುತ್ತಾರೆ. ಕಲ್ಲುಗಳ ಸಾಲನ್ನು ಯಾವ ಕೋನದಿಂದ ನೋಡಿದರೂ ನೇರ.

ಐದನೆಯ ದಿನ: ಗಿಂಕೆಲ್ ಬಯಲು

ಏಡೆ-ವಾಖೆನಿಂಗೆನ್ ನಿಲ್ದಾಣದಲ್ಲಿ ಇಳಿದು ಸೈಕಲ್ ಬಾಡಿಗೆಗೆ ಹಿಡಿದೆವು. ಸೈಕಲ್ ದಾರಿಗಳ ಕೂಡುಬಿಂದುಗಳಿಗೆ ಸಂಖ್ಯೆಗಳಿವೆ. ಹೊರಡುವ ಮುನ್ನ ಆ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ ಫೋನು ತೆಗೆಯಬೇಕಿಲ್ಲ. ಒಂದು ಸಂಖ್ಯೆ ತಪ್ಪಾಗಿ ಬರೆದು ಮರಳಿನ ಕಾಡುದಾರಿಗೆ ಹೊಕ್ಕೆವು. ಮರಳಿನಲ್ಲಿ ಬಾಡಿಗೆ ಸೈಕಲ್ಲಿನ ಸಪೂರ ಚಕ್ರ ಹೂತುಕೊಳ್ಳುತ್ತದೆ, ಇಳಿದು ನೂಕುವುದೇ ದಾರಿ. ಕಾಡು ಮುಗಿದದ್ದೇ ಬಯಲು. ಹೀದರ್ ಹೂವಿನ ನೇರಳೆ ಬಣ್ಣ ಕಂದುತ್ತ ಬಂದಿತ್ತು, ದೂರದಲ್ಲಿ ಕುರಿಮಂದೆ.

ಸೆಪ್ಟೆಂಬರ್ 18ರಂದು ಇಲ್ಲಿಗೆ ಇಳಿದದ್ದು ಬ್ರಿಗೇಡಿಯರ್ ಜಾನ್ ಹ್ಯಾಕೆಟ್ ಅವರ 4ನೇ ಪ್ಯಾರಾಚೂಟ್ ಬ್ರಿಗೇಡ್. ಬೆಳಗ್ಗೆ ಬರಬೇಕಾದವರು ಇಂಗ್ಲೆಂಡಿನ ಮಂಜಿನಿಂದ ಮಧ್ಯಾಹ್ನಕ್ಕೆ ಬಂದರು. ಅಷ್ಟು ಹೊತ್ತು ಈ ಬಯಲಂಚನ್ನು ಸ್ಕಾಟಿಷ್ ಬಾರ್ಡರರ್ಸ್ ದಳ ಹಿಡಿದಿಟ್ಟಿತ್ತು. ಹಾರಿದವರಲ್ಲಿ 156ನೇ ಬೆಟಾಲಿಯನ್ ಹುಟ್ಟಿದ್ದು ಭಾರತದಲ್ಲಿ. 1941ರಲ್ಲಿ ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಕಟ್ಟಿದಾಗ ಅದರಲ್ಲಿ ಮೂರು ಬೆಟಾಲಿಯನ್: 151 ಬ್ರಿಟಿಷ್, 152 ಇಂಡಿಯನ್, 153 ಗೂರ್ಖಾ. ಭಾರತದಲ್ಲಿದ್ದ ಬ್ರಿಟಿಷ್ ದಳಗಳ ಸ್ವಯಂಸೇವಕರಿಂದ ಕೂಡಿದ 151 ಪಶ್ಚಿಮ ಏಷ್ಯಾಕ್ಕೆ ಹೋದಾಗ ಹೆಸರು 156 ಆಯಿತು. ಆ ಬೆಟಾಲಿಯನ್ ಓಸ್ಟರ್‌ಬೇಕಿನ ಕಾಡಿನಲ್ಲಿ ಬಹುಮಟ್ಟಿಗೆ ನಾಶವಾಯಿತು. ನಾಯಕ ಸರ್ ರಿಚರ್ಡ್ ಡೆ ವೋ 20ರಂದು ಮಡಿದರು. ಉಳಿದವರನ್ನು ಒಂದು ಹೊಂಡದಲ್ಲಿ ಕೂಡಿಸಿ, ಬಯೊನೆಟ್ ಹಿಡಿದು ನುಗ್ಗಿ ಮುಖ್ಯ ಪಡೆ ಸೇರಿಸುವಾಗ ಮುಂದೆ ನಿಂತವರಲ್ಲಿ ಮೇಜರ್ ಜೆಫ್ರಿ ಪೊವೆಲ್ ಒಬ್ಬರು. ಹ್ಯಾಕೆಟ್ ಹೊಟ್ಟೆಗೆ ಗಾಯವಾಗಿ ಸೆರೆಸಿಕ್ಕು, ಆಸ್ಪತ್ರೆಯಿಂದ ತಪ್ಪಿಸಿಕೊಂಡು, ಏಡೆಯ ಒಂದು ಕುಟುಂಬದ ಮನೆಯಲ್ಲಿ ತಿಂಗಳುಗಟ್ಟಲೆ ಅಡಗಿದ್ದರು. ದೆಹಲಿಯ ಆ ಬ್ರಿಗೇಡಿನ ಇನ್ನೊಂದು ಕವಲೇ ಇಂದಿನ ಭಾರತೀಯ ಪ್ಯಾರಾಚೂಟ್ ರೆಜಿಮೆಂಟ್. ಅದರ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ನಮ್ಮ ಊರಿನಲ್ಲಿ ಮರೂನ್ ಬೆರೆಟ್ ತೊಟ್ಟವರು ಕಂಡರೆ ಈ ಬಯಲೂ ನೆನಪಾಗಲಿ.

ಪ್ರತಿ ಸೆಪ್ಟೆಂಬರಿನಲ್ಲಿ ಇಲ್ಲಿ ನೆನಪಿನ ಹಾರಾಟ ನಡೆಯುತ್ತದೆ. ಆ ದಿನ ರಸ್ತೆ ಮುಚ್ಚುತ್ತಾರೆ, ಸೈಕಲ್ಲೇ ಅನುಕೂಲ. ಗಾಳಿ ಹೆಚ್ಚಾದರೆ ಹಾರಾಟ ಗಂಟೆಗಟ್ಟಲೆ ತಡವಾಗುತ್ತದೆ, ಹಾಗಾಗಿ ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ಆರನೆಯ ದಿನ: ಡ್ರೀಲ್

ಓಸ್ಟರ್‌ಬೇಕಿನ ಕೆಳಗಿನ ದಂಡೆಯಿಂದ ಆಚೆಯ ಡ್ರೀಲ್‌ಗೆ ಪುಟ್ಟ ದೋಣಿಯೊಂದು ನಡೆದುಬಂದವರನ್ನೂ ಸೈಕಲ್ಲಿನವರನ್ನೂ ದಾಟಿಸುತ್ತದೆ. ಚಳಿಗಾಲದಲ್ಲಿ ಇರುವುದಿಲ್ಲ. ನಾವು ಇಳಿಯುವಷ್ಟರಲ್ಲಿ ದೋಣಿ ಆಚೆ ಹೊರಟಿತ್ತು. ಮಳೆಯಲ್ಲಿ ನೆನೆಯುತ್ತ ಕಾದೆವು. ನೀರು ಮೇಲೆ ಶಾಂತ, ಆದರೆ ತೇಲಿಹೋಗುವ ಎಲೆ ನೋಡಿದರೆ ಸೆಳೆತ ಗೊತ್ತಾಗುತ್ತದೆ.

ಡ್ರೀಲ್, ಬ್ರಿಟಿಷರ ನೆರವಿಗೆ ಹಾರಿದ ಪೋಲಿಷ್ ಪ್ಯಾರಾಚೂಟ್ ಬ್ರಿಗೇಡಿನ ಊರು. ಮೇಜರ್ ಜನರಲ್ ಸ್ಟಾನಿಸ್ವಾಫ್ ಸೊಸಬೊವ್‌ಸ್ಕಿ ಸೆಪ್ಟೆಂಬರ್ 21ರಂದು ಇಲ್ಲಿ ಇಳಿದಾಗ ದಾಟಲು ದೋಣಿಯೇ ಉಳಿದಿರಲಿಲ್ಲ. ಯೋಜನೆಯ ದೋಷಗಳನ್ನು ಮೊದಲೇ ಎತ್ತಿ ಹೇಳಿದವರು ಅವರು. ಕೊನೆಗೆ ತಪ್ಪು ಹೊರಿಸಿದ್ದೂ ಅವರ ಮೇಲೆ. ಇದರಲ್ಲಿ ಬ್ರೌನಿಂಗ್ ಪಾತ್ರ ದೊಡ್ಡದು, ಅವರ ಬಗೆಗಿನ ಅಭಿಮಾನಕ್ಕೆ ಇಲ್ಲಿ ಪೆಟ್ಟು ಬೀಳುತ್ತದೆ. ಆ ಡಿಸೆಂಬರಿನಲ್ಲೇ ಸೊಸಬೊವ್‌ಸ್ಕಿಯವರನ್ನು ಬ್ರಿಗೇಡಿನಿಂದ ತೆಗೆದರು. ಯುದ್ಧದ ನಂತರ ಲಂಡನ್ನಿನಲ್ಲಿ ಕಾರ್ಖಾನೆಯಲ್ಲಿ ದುಡಿದು 1967ರಲ್ಲಿ ತೀರಿಕೊಂಡರು. ಡಚ್ ಸರ್ಕಾರದ ಗೌರವ ಅವರ ಹೆಸರಿಗೆ ಬಂದದ್ದು 2006ರಲ್ಲಿ. ಊರ ಚೌಕದಲ್ಲಿ ಅವರ ಸ್ಮಾರಕಕ್ಕೆ ಯಾರೋ ಆಗಷ್ಟೇ ಕೆಂಪು ಬಿಳಿ ಹೂ ಇಟ್ಟು ಹೋಗಿದ್ದರು.

1944ರ ಸೆಪ್ಟೆಂಬರ್ 25ರ ರಾತ್ರಿ, ಇಂಥದೇ ಮಳೆಯಲ್ಲಿ, ಉತ್ತರ ದಂಡೆಯ ಓಸ್ಟರ್‌ಬೇಕಿನಲ್ಲಿ ಸಿಕ್ಕಿಕೊಂಡಿದ್ದವರನ್ನು ಹಿಂದಕ್ಕೆ ಕರೆತಂದರು. ಸದ್ದಾಗದಂತೆ ಬೂಟಿಗೆ ಬಟ್ಟೆ ಸುತ್ತಿ, ಮುಂದಿನವನ ಅಂಗಿಯ ತುದಿ ಹಿಡಿದು, ದಾರಿಗೆ ಹಾಸಿದ ಬಿಳಿ ಪಟ್ಟಿ ಅನುಸರಿಸಿ ಕತ್ತಲಲ್ಲಿ ಸಾಲು ಬಂತು. ಬ್ರಿಟಿಷ್, ಕೆನಡಾ ಇಂಜಿನಿಯರುಗಳ ದೋಣಿಗಳು ಸುಮಾರು 2,400 ಜನರನ್ನು ದಾಟಿಸಿದವು. ಹೋದವರು ಸುಮಾರು 10,000. ಆರು ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು.

ಸೆರೆಯಾದವರಲ್ಲಿ ಜಾನ್ ಲಾರ್ಡ್ ಒಬ್ಬರು, 3ನೇ ಬೆಟಾಲಿಯನ್ನಿನ ರೆಜಿಮೆಂಟಲ್ ಸಾರ್ಜೆಂಟ್ ಮೇಜರ್. ಜರ್ಮನಿಯ ಫಾಲಿಂಗ್‌ಬಾಸ್ಟೆಲ್ ಶಿಬಿರ, ಸ್ಟಾಲಾಗ್ 11-ಬಿ: ಹಸಿವು, ಕೊಳಕು, ಸಾವು. ಲಾರ್ಡ್ ಅಲ್ಲಿ ಕ್ಷೌರ, ವ್ಯಾಯಾಮ, ಸೆಲ್ಯೂಟ್, ಕವಾಯತು ಎಲ್ಲ ಮತ್ತೆ ಶುರುಮಾಡಿಸಿದರು. ಸತ್ತವರನ್ನು ಸೈನಿಕ ಗೌರವದಿಂದಲೇ ಮಣ್ಣು ಮಾಡಬೇಕೆಂದು ಪಟ್ಟು ಹಿಡಿದರು. 1945ರ ಏಪ್ರಿಲ್ 16ರಂದು ಬ್ರಿಟಿಷ್ ಟ್ಯಾಂಕುಗಳು ಶಿಬಿರದ ಗೇಟಿಗೆ ಬಂದಾಗ, ಎಲುಬು ಚರ್ಮವಾಗಿದ್ದ ಕೈದಿಗಳು ಸ್ವಚ್ಛ ಉಡುಪಿನಲ್ಲಿ, ನೇರ ಸಾಲಿನಲ್ಲಿ ಕಾವಲು ನಿಂತಿದ್ದರು. ಮೂರು ವರ್ಷದ ನಂತರ ಲಾರ್ಡ್ ಸ್ಯಾಂಡ್‌ಹರ್ಸ್ಟಿನ ಸಾರ್ಜೆಂಟ್ ಮೇಜರ್ ಆದರು. 1963ರವರೆಗೆ, ಕುದುರೆ ಹತ್ತುವ ಆ ಮೆಟ್ಟಿಲುಗಳೆದುರಿನ ಮೈದಾನದಲ್ಲಿ, ಹೊಸ ಹುಡುಗರಿಗೆ ಹೆಜ್ಜೆ ಕಲಿಸಿದರು.

ಹಿಂದಿರುಗುವ ದೋಣಿಗೆ ನಾವೇ ಕೊನೆಯವರು. ಆಚೆ ದಂಡೆ ಮುಟ್ಟುವಾಗ ಮಳೆ ನಿಂತಿತ್ತು, ಹುಲ್ಲಿನಲ್ಲಿ ಕಾಲು ಜಾರುತ್ತಿತ್ತು. ಹಳೆಯ ಚರ್ಚಿನ ಕಡೆಗೆ ಏರು ಹತ್ತಿ ಬಸ್ಸು ಹಿಡಿದೆವು.